ಬೆಟ್ಟದ ಹೊಗೆ, ಡ್ರಮ್ಮಿನ ಬೆಂಕಿ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸದ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಒಲೆಯ ನೇರಕ್ಕೆ ಅಟ್ಟ ಇರುತ್ತಿತ್ತು. ಬಿಸಿಲೇ ಇಲ್ಲದ ಮಳೆಗಾಲದಲ್ಲಿ ಮೀನು, ಮಾಂಸ ಅಲ್ಲಿ ಹೊಗೆಗೇ ಒಣಗುತ್ತಿದ್ದವು. ಹೊಗೆಯಿಂದ ಮಾಂಸ ಹದಮಾಡುವ ಅದೇ ಕೆಲಸಕ್ಕೆ ಈಗ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಸಾಧನ ರಿವರ್ಸ್ ಫ್ಲೋ ಸ್ಮೋಕರ್. 200 ಲೀಟರಿನ ಡ್ರಮ್ಮಿನ ಒಳಬಣ್ಣವನ್ನು ಸುಟ್ಟು ತೆಗೆದು, ಅಡ್ಡ ಮಲಗಿಸಿ, ಒಂದು ತುದಿಗೆ ಬೆಂಕಿಗೂಡನ್ನು ವೆಲ್ಡ್ ಮಾಡಬೇಕು. ಒಳಗೆ ಉದ್ದಕ್ಕೂ ದಪ್ಪ ಉಕ್ಕಿನ ತಗಡು ಕೂರಿಸಬೇಕು. ಹೊಗೆ ತಗಡಿನ ಅಡಿಯಲ್ಲಿ ಸಾಗಿ ಆಚೆ ತುದಿ ಮುಟ್ಟುತ್ತದೆ. ಅಲ್ಲಿಂದ ಹಿಂದಿರುಗಿ ಮಾಂಸವನ್ನು ಸವರಿಕೊಂಡು, ಬೆಂಕಿಗೂಡಿನ ಬದಿಯ ಕೊಳವೆಯಿಂದ ಹೊರಬೀಳುತ್ತದೆ. ಕಾದ ತಗಡು ಶಾಖವನ್ನು ಸಮವಾಗಿ ಹಂಚುತ್ತದೆ. ಒಳಗೆ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಗಂಟೆಗಟ್ಟಲೆ ನಿಲ್ಲಬೇಕು.

ಹೊರಗೆ ನಿಂತವರಿಗೆ ಕಾಣುವುದು ಹೊಗೆ ಮಾತ್ರ. ಬೆಂಕಿಯ ಸ್ಥಿತಿಯನ್ನು ಅದರಿಂದಲೇ ತಿಳಿಯಬೇಕು.

ನಮ್ಮ ತರ್ಕಶಾಸ್ತ್ರದ ಮೊದಲ ಪಾಠವೂ ಇದೇ: ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಇದಕ್ಕೆ ಅಡುಗೆಮನೆಯನ್ನೇ ದೃಷ್ಟಾಂತವಾಗಿ ಕೊಡುತ್ತದೆ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕೆಂದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ? ಹೊಗೆಗೆ ಹಸಿ ಸೌದೆಯೂ ಸೇರಬೇಕು ಎಂದರು ತಾರ್ಕಿಕರು. ಕಾಂಡಕೊರಕ ಹಿಡಿದ ಅರೇಬಿಕಾ ಕಾಫಿ ಗಿಡಗಳನ್ನು ಕಿತ್ತು ಸುಡುವ ತೋಟದವರಿಗೆ ಇದು ಕಣ್ಣಾರೆ ಗೊತ್ತು. ಸ್ಮೋಕರಿನಲ್ಲೂ ಹಸಿ ಕಟ್ಟಿಗೆ ದಟ್ಟ ಬಿಳಿ ಹೊಗೆ ಕಾರುತ್ತದೆ, ಮಾಂಸ ಕಹಿಯಾಗುತ್ತದೆ. ಚೆನ್ನಾಗಿ ಒಣಗಿದ್ದು ಉರಿದರೆ ತೆಳು ನೀಲಿ ಹೊಗೆ.

ಇನ್ನೊಂದು ಎಚ್ಚರಿಕೆಯೂ ಶಾಸ್ತ್ರದಲ್ಲಿದೆ: ಆವಿಯನ್ನು ಹೊಗೆಯೆಂದು ಭ್ರಮಿಸಬಾರದು. ಜುಲೈ ತಿಂಗಳಲ್ಲಿ ಮಂಜು ಮುಸುಕಿದ ಮುಳ್ಳಯ್ಯನಗಿರಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ತರ್ಕವನ್ನು ಹಿಡಿದು ದೇವರವರೆಗೆ ಹೋಗಬಹುದೆ? ಹೋಗಬಹುದು ಎಂದರು ತಾರ್ಕಿಕ ಉದಯನಾಚಾರ್ಯರು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃ ಇರಲೇಬೇಕು ಎಂಬುದು ಅವರ ‘ನ್ಯಾಯಕುಸುಮಾಂಜಲಿ’ಯ ವಾದಗಳಲ್ಲೊಂದು. ಅವರಿಗಿಂತ ಮೊದಲೇ ಶಂಕರಾಚಾರ್ಯರು ಈ ದಾರಿಗೆ ತಡೆಯೊಡ್ಡಿದ್ದರು. ಇದೇ ಜಿಲ್ಲೆಯ ಶೃಂಗೇರಿ ಪೀಠವನ್ನು ಸ್ಥಾಪಿಸಿದವರು ಅವರೇ ಎಂಬುದು ಪರಂಪರೆಯ ನಂಬಿಕೆ. ಬ್ರಹ್ಮಸೂತ್ರದ ಎರಡನೆಯ ಸೂತ್ರದ ಭಾಷ್ಯದಲ್ಲಿ ಅವರ ಮಾತು ಸ್ಪಷ್ಟ: ಬ್ರಹ್ಮ ಇಂದ್ರಿಯಗಳಿಗೆ ಸಿಗುವ ವಸ್ತುವಲ್ಲ. ನಮಗೆ ಕಾಣುವುದು ಕಾರ್ಯವೊಂದೇ. ಅದರ ಸಂಬಂಧ ಬ್ರಹ್ಮದೊಂದಿಗೋ ಬೇರೊಂದರೊಂದಿಗೋ ಎಂದು ಅಷ್ಟರಿಂದಲೇ ನಿಶ್ಚಯಿಸಲಾಗದು. ತರ್ಕ ಶ್ರುತಿಗೆ ನೆರವಾಗಬಲ್ಲದು, ಅದರ ಜಾಗದಲ್ಲಿ ತಾನು ಕೂರಲಾರದು.

ಶಂಕರರ ಈ ಬಿಗಿ ನಿಲುವು ಭಕ್ತಿಗೆ ಒಳ್ಳೆಯದನ್ನೇ ಮಾಡುತ್ತದೆ. ಬೆಂಕಿ ಮತ್ತು ಹೊಗೆಯನ್ನು ಒಲೆಯಲ್ಲಿ ಒಟ್ಟಿಗೆ ಕಂಡವರು ಅಸಂಖ್ಯ. ಜಗತ್ತು ಮತ್ತು ಅದರ ಕರ್ತೃವನ್ನು ಹಾಗೆ ಜೊತೆಯಲ್ಲಿ ಕಂಡವರಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟಗಳು ಮಣ್ಣುಪಾಲಾದವು. ಇಂಥ ಹೊತ್ತಿನಲ್ಲಿ ದೈವಕೋಪದ ಮಾತು ಬಲು ಬೇಗ ಬಾಯಿಗೆ ಬರುತ್ತದೆ. ಎಡೆಬಿಡದ ಮಳೆ, ಕಡಿದ ಇಳಿಜಾರು, ಕಟ್ಟಿಕೊಂಡ ನೀರಿನ ದಾರಿ – ಕುಸಿತದ ಜೊತೆಗೆ ಇವನ್ನು ಮತ್ತೆ ಮತ್ತೆ ಕಂಡಿದ್ದೇವೆ. ಕೋಪವನ್ನು ಯಾರೂ ಕಂಡಿಲ್ಲ. ಮನೆ ಕಳೆದುಕೊಂಡವರ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸುವ ಹಕ್ಕನ್ನು ಶಂಕರರ ಭಾಷ್ಯವೂ ಕೊಡುವುದಿಲ್ಲ, ಅನ್ನಂಭಟ್ಟನ ತರ್ಕವೂ ಕೊಡುವುದಿಲ್ಲ.