ಗೈರುಹಾಜರಾದವರ ಲೆಕ್ಕ

ಕಾಣೆಯಾದ ಮನುಷ್ಯನನ್ನು ಬದುಕಿದ್ದಾನೆ ಎನ್ನಬೇಕೆ, ಸತ್ತಿದ್ದಾನೆ ಎನ್ನಬೇಕೆ? ನಮ್ಮ ಕಾನೂನು ಏಳು ವರ್ಷ ಕಾಯುತ್ತದೆ. ಅಷ್ಟರಲ್ಲಿ ಸುದ್ದಿ ಬಾರದಿದ್ದರೆ ಸತ್ತನೆಂದು ಭಾವಿಸುತ್ತದೆ. ಆದರೆ ಆಸ್ಪತ್ರೆಯ ಲೆಕ್ಕ ಅಷ್ಟು ಕಾಯಲಾರದು.

ಭಾರತದಲ್ಲಿ ಎಚ್‌ಐವಿ ಸೋಂಕಿತರಿಗೆ ಸರಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್‌ನಲ್ಲಿ. ಮೊದಲ ಹಂತದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು. ಬಿಟ್ಟರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಹಾಗಾದರೆ ಈ ಚಿಕಿತ್ಸೆ ಎಷ್ಟು ಜನರನ್ನು ಉಳಿಸಿತು? ಒಬ್ಬರು ಐದು ವರ್ಷದಿಂದ ಬರುತ್ತಿದ್ದಾರೆ, ಇನ್ನೊಬ್ಬರು ಮೊನ್ನೆ ಸೇರಿದ್ದಾರೆ, ಮತ್ತೊಬ್ಬರು ಆರು ತಿಂಗಳು ಬಂದು ಕಾಣೆಯಾಗಿದ್ದಾರೆ. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

1958ರಲ್ಲಿ ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೇಯರ್ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೊಂದು ದಾರಿ ತೋರಿಸಿದರು. ರೋಗಿ ಕಣ್ಣಿಗೆ ಬೀಳುತ್ತಿದ್ದಷ್ಟು ದಿನ ಅವನನ್ನು ಲೆಕ್ಕದಲ್ಲಿಡಬೇಕು. ಕಾಣೆಯಾದ ದಿನ ಕೈಬಿಡಬೇಕು. ಹೀಗೆ ಕೈಬಿಡುವುದಕ್ಕೆ 'ಸೆನ್ಸಾರಿಂಗ್' ಎಂದು ಹೆಸರು. ಬಹಳ ಉಪಯುಕ್ತವಾದ ವಿಧಾನ. ಆದರೆ ಅದರೊಳಗೊಂದು ಷರತ್ತಿದೆ: ಕಾಣೆಯಾದವರ ಹಣೆಬರಹ ಉಳಿದವರದಕ್ಕಿಂತ ಬೇರೆಯಾಗಿರಬಾರದು.

ಒಂದು ಉದಾಹರಣೆ ನೋಡೋಣ. ನೂರು ಮಂದಿ ಚಿಕಿತ್ಸೆ ಆರಂಭಿಸಿದರು. ಮೊದಲ ಆರು ತಿಂಗಳಲ್ಲಿ 10 ಮಂದಿ ತೀರಿಕೊಂಡರು. ಅದಾದ ಮೇಲೆ 20 ಮಂದಿ ಬರಲೇ ಇಲ್ಲ. ಉಳಿದ 70ರಲ್ಲಿ ಮುಂದಿನ ಆರು ತಿಂಗಳಲ್ಲಿ ಏಳು ಸಾವು, ಅಂದರೆ ಹತ್ತಕ್ಕೊಂದು. ಕಾಣೆಯಾದವರಲ್ಲೂ ಹತ್ತಕ್ಕೊಂದೇ, ಅಂದರೆ ಇಬ್ಬರು ಸತ್ತಿರಬಹುದು ಎಂದು ಸೂತ್ರ ಊಹಿಸುತ್ತದೆ. ವರ್ಷದ ಕೊನೆಗೆ 81 ಮಂದಿ ಬದುಕಿದ್ದಾರೆ ಎನ್ನುತ್ತದೆ. ನಿಜವಾಗಿ ಆ ಇಪ್ಪತ್ತರಲ್ಲಿ ಎಂಟು ಮಂದಿ ಸತ್ತಿದ್ದರೆ? ಬದುಕಿರುವವರು 75. ಆರು ಹೆಣಗಳು ಲೆಕ್ಕಕ್ಕೇ ಬರಲಿಲ್ಲ.

ಎಂಟು ಎಂಬುದನ್ನು ನಾವು ಸುಮ್ಮನೆ ಆರಿಸಿಕೊಂಡಿಲ್ಲ. ಬಡ ದೇಶಗಳ, ಹೆಚ್ಚಾಗಿ ಆಫ್ರಿಕಾದ, 17 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಾಣೆಯಾಗಿ ಮತ್ತೆ ಪತ್ತೆಹಚ್ಚಲ್ಪಟ್ಟವರಲ್ಲಿ ಸುಮಾರು ಶೇಕಡಾ 40 ಮಂದಿ ಸತ್ತಿದ್ದರು. ಎಲ್ಲೆಡೆ ಹೀಗೇ ಇರಲಿಲ್ಲ. ಒಂದು ಕಡೆ ಶೇಕಡಾ 12, ಇನ್ನೊಂದು ಕಡೆ 87. ಬೇರೆ ಆಸ್ಪತ್ರೆ ಸೇರಿ ಆರೋಗ್ಯವಾಗಿದ್ದವರೂ ಇರುತ್ತಾರೆ. ಆದರೆ ಸತ್ತವನು ತಾನು ಸತ್ತೆನೆಂದು ಹೇಳಲು ಆಸ್ಪತ್ರೆಗೆ ಬರುವುದಿಲ್ಲ. ಬಸ್ಸಿಗೆ ಹಣವಿಲ್ಲದವನೂ, ಎದ್ದು ನಿಲ್ಲಲಾಗದವನೂ ಬರುವುದಿಲ್ಲ. ಹಾಗಾಗಿ ಬಂದವರನ್ನಷ್ಟೇ ನೋಡಿ ಬಾರದವರ ಬಗ್ಗೆ ತೀರ್ಪು ಕೊಡುವುದು ಗಣಿತದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಉರ್ದುವಿನಲ್ಲಿ ಕಾಣೆಯಾದವನನ್ನು 'ಲಾಪತಾ' ಎನ್ನುತ್ತೇವೆ, ವಿಳಾಸವಿಲ್ಲದವನು ಎಂದರ್ಥ. ಆದರೆ ಇವರ ವಿಳಾಸ ಆಸ್ಪತ್ರೆಯ ಕಡತದಲ್ಲಿ ಇರುತ್ತದಲ್ಲ, ಹೋಗಿ ವಿಚಾರಿಸಬಾರದೇ ಎಂದು ಓದುಗರು ಕೇಳಬಹುದು. ಇಲ್ಲಿಯೇ ತೊಡಕು. ಆರೋಗ್ಯ ಕಾರ್ಯಕರ್ತೆ ಬಾಗಿಲು ತಟ್ಟಿದರೆ ಓಣಿಯೆಲ್ಲ ಕಿವಿಯಾಗುತ್ತದೆ. ಆ ಭಯಕ್ಕೇ ಎಷ್ಟೋ ಮಂದಿ ತಪ್ಪು ವಿಳಾಸ ಬರೆಸುತ್ತಾರೆ. ಒಬ್ಬರ ಸೋಂಕನ್ನು ಅವರ ಒಪ್ಪಿಗೆಯಿಲ್ಲದೆ ಬಯಲುಮಾಡಬಾರದೆಂದು 2017ರ ಎಚ್‌ಐವಿ ಕಾಯಿದೆಯೂ ಹೇಳುತ್ತದೆ. ಲೆಕ್ಕದ ಸತ್ಯಕ್ಕಾಗಿ ಒಬ್ಬ ಹೆಣ್ಣುಮಗಳ ಮಾನವನ್ನು ಬೀದಿಗೆ ತರುವ ಹಕ್ಕು ಯಾರಿಗಿದೆ?

ಉಗಾಂಡಾದ ಎಂಬರಾರಾದ ಒಂದು ಎಚ್‌ಐವಿ ಚಿಕಿತ್ಸಾಲಯದ ಸಂಶೋಧಕರು ನಡುದಾರಿ ಹಿಡಿದರು. ಕಾಣೆಯಾದ 829 ಮಂದಿಯನ್ನೂ ಬೆನ್ನಟ್ಟದೆ, 128 ಮಂದಿಯನ್ನು ಮಾತ್ರ ಮಾದರಿಯಾಗಿ ಆರಿಸಿ ಹುಡುಕಿದರು. 111 ಮಂದಿಯ ಸುದ್ದಿ ಸಿಕ್ಕಿತು. ಆ ಸುದ್ದಿಯನ್ನು ಸೇರಿಸಿದಾಗ ಸಾವಿನ ಅಂದಾಜು ಹಲವು ಪಟ್ಟು ಏರಿತು. ಬದುಕಿದ್ದವರು ಹೇಳಿದ ಮುಖ್ಯ ಕಾರಣಗಳು ದೂರ ಮತ್ತು ಪ್ರಯಾಣದ ಖರ್ಚು.

ಎಲ್ಲ ಬಾಗಿಲುಗಳನ್ನೂ ತಟ್ಟಬೇಕಿಲ್ಲ, ಆದರೆ ಕೆಲವನ್ನಾದರೂ ಮೆಲ್ಲಗೆ, ಗುಟ್ಟು ಕಾಪಾಡಿ ತಟ್ಟಲೇಬೇಕು ಎಂಬುದು ನಮ್ಮ ಅಭಿಪ್ರಾಯ. ದೂರವೇ ಕಾರಣವೆಂದು ತಿಳಿದ ಮೇಲೆ ಔಷಧಿಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಬಹುದು. ಎಲ್ಲರೂ ಸುಖವಾಗಿದ್ದಾರೆ ಎಂದು ತೋರಿಸುವ ವರದಿಯನ್ನು ನಂಬಿ ಕುಳಿತರೆ, ಬಸ್ಸಿನ ಹಣವಿಲ್ಲದೆ ಮನೆಯಲ್ಲೇ ಉಳಿದವರಿಗೆ ಆ ಔಷಧಿ ತಲಪುವುದೇ ಇಲ್ಲ.