ಮನೆಯಲ್ಲಿ ಮಾಡಿದುದು

ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಪದಾರ್ಥವೊಂದನ್ನು ಮನೆಯಲ್ಲಿಯೇ ಶ್ರಮಪಟ್ಟು ಮಾಡುವುದರಲ್ಲಿ ವಿಶೇಷವಾದ ಗುಣವೇನಾದರೂ ಉಂಟೇ? ಉಂಟೆಂದರೆ, ಆ ಗುಣವು ಪದಾರ್ಥದಲ್ಲಿರುವುದೋ, ಮಾಡಿದವರಲ್ಲಿರುವುದೋ, ಅಥವಾ ಮಾಡಿದವರಿಗೂ ಪಡೆದವರಿಗೂ ನಡುವಣ ಸಂಬಂಧದಲ್ಲಿರುವುದೋ? ಹೊರನೋಟಕ್ಕೆ ಇದು ಅಡಿಗೆಮನೆಯ ಪ್ರಶ್ನೆ. ತತ್ತ್ವವಿಚಾರಕ್ಕೆ ತಕ್ಕುದಲ್ಲವೆಂದು ತೋರಬಹುದು. ಆದರೆ ಮನುಷ್ಯನ ಆಯುಷ್ಯದ ಬಹುಭಾಗವು ಕಳೆಯುವುದು ಮನೆಯಲ್ಲಿ. ಅಲ್ಲಿ ನ್ಯಾಯವಾಗಲಿ ಅನ್ಯಾಯವಾಗಲಿ ನಡೆಯುವುದು ದೊಡ್ಡ ಮಾತುಗಳ ರೂಪದಲ್ಲಲ್ಲ. ಹಿಟ್ಟು, ದಾರ, ಪಾತ್ರೆ, ಹೊತ್ತು ಇವುಗಳ ರೂಪದಲ್ಲಿ. ಗಂಡಹೆಂಡಿರಿಬ್ಬರೂ ದುಡಿಯಲು ಹೊರಟು, ಮಕ್ಕಳ ಪಾಠಕ್ಕಿಷ್ಟು ಹಿರಿಯರ ಔಷಧಕ್ಕಿಷ್ಟು ಎಂದು ಗಳಿಗೆಗಳನ್ನು ಎಣಿಸುವ ಈಗಿನ ಸಂಸಾರಗಳಲ್ಲಿ ಈ ಪ್ರಶ್ನೆಯು ಇನ್ನಷ್ಟು ತೀಕ್ಷ್ಣವಾಗಿರುವುದು. ಮಗುವಿನ ಹುಟ್ಟುಹಬ್ಬದ ಕೇಕನ್ನು ಮನೆಯಲ್ಲಿಯೇ ಮಾಡಬೇಕೇ? ಹಬ್ಬದ ಬೊಂಬೆಗೆ ಅಂಗಿಯನ್ನು ಮನೆಯಲ್ಲಿಯೇ ಹೊಲಿಯಬೇಕೇ? ಮಾಡದಿದ್ದರೆ ಅದು ಕೊರತೆಯೇ?

ಹಿಂದಿನವರಿಗೆ ಈ ಸಂದೇಹವು ಬರುವ ಸಂಭವವಿರಲಿಲ್ಲ. ಬೇಸಗೆಯ ಬಿಸಿಲಿನಲ್ಲಿ ಹಪ್ಪಳ ಸಂಡಿಗೆಗಳನ್ನು ಒಣಗಿಸಿಟ್ಟುದು ಮಳೆಗಾಲದಲ್ಲಿ ತರಕಾರಿ ದೊರೆಯದೆಂಬ ಕಾರಣದಿಂದ. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿದುದು ಬಟ್ಟೆಯು ದುಬಾರಿ, ಚಳಿಯು ನಿಶ್ಚಿತ ಎಂಬ ಕಾರಣದಿಂದ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಸೀಮೆಗಳ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಕಂಡವರು ಬಲ್ಲರು: ಹೊರಗಣ ಅಂಚಿನಿಂದ ತೊಡಗಿ, ತುಂಡುಬಟ್ಟೆಗಳನ್ನು ಜೋಡಿಸುತ್ತ, ಸುತ್ತುಸುತ್ತಾಗಿ ಹೊಲಿಗೆಯು ನಡುವಿಗೆ ಬಂದು ಮುಗಿಯುವುದು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫುಲಾ’ ಎಂಬ ಹೂವನ್ನಿಟ್ಟಲ್ಲದೆ ಕೌದಿಯು ಪೂರ್ಣವಾಯಿತೆಂದು ಎಣಿಸರು. ಆ ಹೂವಿನಿಂದ ಚಳಿಯೇನೂ ಕಡಮೆಯಾಗದು. ಅವಶ್ಯಕತೆಗಾಗಿ ತೊಡಗಿದ ಕೆಲಸದಲ್ಲಿಯೂ ಅವಶ್ಯಕತೆಯನ್ನು ಮೀರಿದ ಒಂದಂಶವು ಹಿಂದಿನಿಂದಲೂ ಇದ್ದಿತೆಂಬುದಕ್ಕೆ ಅದು ಸಾಕ್ಷಿ. ಈಗ ಅನೇಕ ಮನೆಗಳಲ್ಲಿ ಅವಶ್ಯಕತೆಯು ಹೋಗಿದೆ. ಹೂವು ಮಾತ್ರ ಉಳಿದಿದೆ. ಆ ಹೂವಿಗಾಗಿಯೇ ಶ್ರಮಿಸುವುದು ಯುಕ್ತವೋ ಎಂಬುದು ವಿಚಾರಣೀಯವಾದ ವಿಷಯ.

ಮನೆಯ ತಯಾರಿಕೆಯನ್ನು ಹೊಗಳುವವರು ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುವರು: ಮಿತವ್ಯಯ, ಶುದ್ಧಿ, ಪ್ರೀತಿ. ಮೊದಲನೆಯದು ಬಹಳ ಹೊತ್ತು ನಿಲ್ಲಲಾರದು. ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆ, ವಿದ್ಯುಚ್ಛಕ್ತಿ ಇವುಗಳ ಬೆಲೆಯನ್ನು ಕೂಡಿಸಿ, ಅದರ ಮೇಲೆ ಮಾಡಿದವರ ಎರಡು ಗಂಟೆಯ ಹೊತ್ತಿಗೂ ಒಂದು ಬೆಲೆಯನ್ನಿಟ್ಟರೆ, ಬೀದಿಯ ಬೇಕರಿಯ ಕೇಕೇ ಎಷ್ಟೋ ವೇಳೆ ಅಗ್ಗವೆಂದು ತಿಳಿಯುವುದು. ಮನೆಯದು ಅಗ್ಗವೆಂದು ತೋರುವುದು ಸಾಧಾರಣವಾಗಿ ಮಾಡಿದವರ ಹೊತ್ತಿಗೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿದಾಗ. ಎರಡನೆಯದರಲ್ಲಿ ಸತ್ಯಾಂಶವುಂಟು, ಏನನ್ನು ಹಾಕಿದೆಯೆಂಬುದು ಮನೆಯವರಿಗೆ ತಿಳಿದಿರುವುದು ದೊಡ್ಡ ಲಾಭ. ಆದರೂ ಮನೆಯಲ್ಲಿ ಹಾಕಿದ ಮಾತ್ರಕ್ಕೆ ಸಕ್ಕರೆಯು ಸಕ್ಕರೆಯಾಗಿರುವುದನ್ನು ಬಿಡದು. ಮೂರನೆಯ ಕಾರಣವೇ ಬಲವಾದುದು; ಆದುದರಿಂದಲೇ ಅಪಾಯಕರವಾದುದು. ಕೈಯಿಂದ ಮಾಡಿದುದೇ ಪ್ರೀತಿಯ ಗುರುತೆಂದು ಒಪ್ಪಿಬಿಟ್ಟರೆ, ಕೊಂಡು ತಂದುದು ಪ್ರೀತಿಯ ಅಭಾವದ ಗುರುತಾಗಬೇಕಾಗುವುದು. ಸಂಜೆ ಏಳು ಗಂಟೆಗೆ ಕೆಲಸದಿಂದ ಹಿಂದಿರುಗುವ ತಾಯಿಯು ದಾರಿಯಲ್ಲಿ ಒಂದು ಬನ್ನನ್ನು ಕೊಂಡು ಮಗುವಿನ ಕೈಯಲ್ಲಿಟ್ಟರೆ ಅವಳ ಪ್ರೀತಿಯು ಒಂದು ತೊಲ ಕಡಮೆಯಾಯಿತೇ? ಆಯಿತೆನ್ನುವ ತತ್ತ್ವವು ಎಷ್ಟೇ ಮಧುರವಾಗಿದ್ದರೂ ನಿರ್ದಯವಾದುದು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುವರು. ಮನೆಯ ತಯಾರಿಕೆಯ ಸ್ತುತಿಯೆಲ್ಲವೂ ಹೆಂಗಸಿನ ಕಾಲಿಗೆ ಕಟ್ಟಿದ ಹೂಮಾಲೆಯ ಸಂಕೋಲೆಯೆಂದು ಅವರು ವಾದಿಸುವರು. ಈ ವಾದಕ್ಕೆ ಲೆಕ್ಕಪತ್ರದ ಆಧಾರವೂ ಉಂಟು. ಭಾರತದಲ್ಲಿ ೨೦೧೯ನೆಯ ಇಸವಿಯಲ್ಲಿ ನಡೆದ ಸಮಯ ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಗೃಹಕೃತ್ಯದಲ್ಲಿ ಒಂದು ದಿನ ತೊಡಗಿದವರು ಹೆಂಗಸರಲ್ಲಿ ನೂರಕ್ಕೆ ೮೧ ಮಂದಿ, ಗಂಡಸರಲ್ಲಿ ೨೬ ಮಂದಿ. ತೊಡಗಿದ ಹೆಂಗಸರು ದಿನಕ್ಕೆ ೨೯೯ ನಿಮಿಷಗಳನ್ನೂ, ಗಂಡಸರು ೯೭ ನಿಮಿಷಗಳನ್ನೂ ಅದರಲ್ಲಿ ಕಳೆದರು. ಯಂತ್ರಗಳು ಬಂದರೆ ಈ ಭಾರವು ತಾನಾಗಿ ಇಳಿಯುವುದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ ಅವರು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಚೆನ್ನಾಗಿ ತೋರಿಸಿರುವರು. ಗಿರಣಿಯ ಬಿಳಿಯ ಹಿಟ್ಟು ಬಂದಾಗ ತಪ್ಪಿದುದು ಧಾನ್ಯವನ್ನು ಹೊತ್ತು ಬೀಸಿಸಿಕೊಂಡು ಬರುತ್ತಿದ್ದ ಗಂಡಸರ ಹಾಗೂ ಹುಡುಗರ ಕೆಲಸ. ಕಬ್ಬಿಣದ ಒಲೆಯು ಬಂದಾಗ ತಪ್ಪಿದುದು ಅವರು ಕಡಿಯುತ್ತಿದ್ದ ಸೌದೆಯ ಕೆಲಸ. ಹೆಂಗಸಿನ ಪಾಲಿಗಾದರೋ, ಸಾದಾ ಜೋಳದ ಹಿಟ್ಟಿನ ರೊಟ್ಟಿಯ ಬದಲು ಹುದುಗೆಬ್ಬಿಸಿದ ಬ್ರೆಡ್ಡನ್ನೂ ಬಗೆಬಗೆಯ ಕೇಕನ್ನೂ ಮಾಡುವ ಹೊಸ ಕೆಲಸ ಬಂದಿತು. ಶ್ರಮವು ಇಳಿದ ಕಡೆ ಅಪೇಕ್ಷೆಯು ಏರಿತು. ನಮ್ಮ ದೇಶದ ಮನೆಗಳಲ್ಲಿಯೂ ಓವನ್ನು ಬಂದೊಡನೆ “ಇನ್ನು ಬಿಸ್ಕತ್ತನ್ನು ಕೊಳ್ಳುವುದೇತಕ್ಕೆ?” ಎಂಬ ಮಾತು ಹುಟ್ಟುವುದು ಆಶ್ಚರ್ಯವಲ್ಲ.

ಪೂರ್ವಪಕ್ಷವು ಇಷ್ಟು ಬಲವಾಗಿರುವಾಗ, ಎಲ್ಲವನ್ನೂ ಕೊಂಡು ತಂದು ನಿಶ್ಚಿಂತರಾಗುವುದೇ ಲೇಸೆಂದು ತೀರ್ಮಾನಿಸಬಹುದೇ? ಹಾಗೆ ತೀರ್ಮಾನಿಸುವ ಮೊದಲು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಎಂಬ ವಿದ್ವಾಂಸರು ೨೦೧೨ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಕಾಗದವನ್ನು ಮಡಿಸಿ ಕಪ್ಪೆ ಕೊಕ್ಕರೆಗಳನ್ನು ಮಾಡುವಂತೆ ಅನುಭವವಿಲ್ಲದವರಿಗೆ ಹೇಳಿ, ಬಳಿಕ ಅವುಗಳಿಗೆ ಬೆಲೆ ಕಟ್ಟಿಸಿದರು. ಇತರರ ಕಣ್ಣಿಗೆ ಸುಕ್ಕುಗಟ್ಟಿದ ಕಾಗದದಂತೆ ಕಂಡ ವಸ್ತುವಿಗೆ, ಮಾಡಿದವರು ಕುಶಲಿಗಳ ಕೃತಿಗೆ ಸಮಾನವಾದ ಬೆಲೆಯನ್ನು ಕಟ್ಟಿದರು. ಬೇರೆ ವಸ್ತುಗಳಿಂದ ನಡೆಸಿದ ಪರೀಕ್ಷೆಗಳಲ್ಲಿ, ಮಾಡಿದುದನ್ನು ಕೂಡಲೆ ಬಿಚ್ಚಿಹಾಕಿದಾಗ ಅಥವಾ ಕೆಲಸವು ಅರ್ಧಕ್ಕೆ ನಿಂತಾಗ ಆ ಮಮತೆಯು ಉಳಿಯಲಿಲ್ಲ. ಇದರಿಂದ ಮಾಡಿದವರ ಕಣ್ಣು ಪಕ್ಷಪಾತವುಳ್ಳದ್ದೆಂದು ನಗಬಹುದು. ಆ ನಗೆಗೆ ಕಾರಣವೂ ಇದೆ. ಆದರೆ ವಿಚಾರವು ಅಲ್ಲಿಗೆ ಮುಗಿಯದು. ಕೈಯಿಂದ ಮಾಡಿ ಮುಗಿಸಿದ ವಸ್ತುವಿನೊಡನೆ ಮನುಷ್ಯನಿಗೆ ಹಣ ಕೊಟ್ಟು ಕೊಂಡ ವಸ್ತುವಿನೊಡನೆ ಆಗದ ಒಂದು ಸಂಬಂಧವು ಉಂಟಾಗುವುದೆಂದೂ ಇದರಿಂದ ತಿಳಿಯುವುದು. ಅದು ಒಂದು ಸುಖ. ಒಂದು ಬಗೆಯ ಸಂಪತ್ತು.

ಆ ಸಂಪತ್ತು ದೊರೆಯುವುದು ಮಾಡಿದವರಿಗೆ, ತಿಂದವರಿಗಲ್ಲ. ಆದುದರಿಂದ, ಮನೆಯಲ್ಲಿ ಒಬ್ಬರೇ ಮಾಡಿ ಉಳಿದವರೆಲ್ಲರೂ ಅನುಭವಿಸುವ ಏರ್ಪಾಡಿನಲ್ಲಿ ಅನ್ಯಾಯವು ಎರಡು ಮುಖವಾಗಿರುವುದು. ಮಾಡುವವಳಿಗೆ ಬಿಡುವು ತಪ್ಪಿತು. ಸುಮ್ಮನೆ ಕುಳಿತವರಿಗೆ ಮಾಡುವ ಸುಖವು ತಪ್ಪಿತು. ಮೊದಲನೆಯ ನಷ್ಟವು ಎಲ್ಲರಿಗೂ ಕಾಣುವುದು. ಎರಡನೆಯದು ನಷ್ಟವೆಂದೇ ತೋರದೆ ಸೌಕರ್ಯವೆಂದು ತೋರುವುದು. ಹುಡುಗನು ದೊಡ್ಡವನಾಗಿ, ಒಂದು ಗುಂಡಿಯನ್ನು ಹೊಲಿದುಕೊಳ್ಳಲಾರದೆ, ಒಂದು ಹಿಟ್ಟನ್ನು ಕಲಸಲಾರದೆ, ತನಗಾಗಿ ಮಾಡಿದವರ ಶ್ರಮದ ತೂಕವನ್ನೂ ಅರಿಯಲಾರದೆ ನಿಂತಾಗ ಮಾತ್ರ ಅದರ ಅರಿವಾಗುವುದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯು ಕೈಯೂ ಬಾಯಿಯೂ ಒಬ್ಬರದೇ ಎಂದು ಭಾವಿಸಿಕೊಂಡಿದೆ. ಒಬ್ಬರ ಕೈ ಸದಾ ಕೆಸರು, ಇನ್ನೊಬ್ಬರ ಬಾಯಿ ಸದಾ ಮೊಸರು ಎಂದಾದ ಮನೆಯಲ್ಲಿ ಆ ಗಾದೆಯು ಇಬ್ಬರಿಗೂ ಸಲ್ಲದು.

ಹಳೆಯ ಮೈಸೂರು ಸೀಮೆಯ ಸಂಕ್ರಾಂತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಸಣ್ಣ ಹೋಳುಗಳಾಗಿ ಹೆಚ್ಚಿ ಬಿಸಿಲಿಗಿಟ್ಟು, ಕಡಲೆಕಾಯಿಬೀಜವನ್ನು ಹುರಿದು ಸಿಪ್ಪೆ ತೆಗೆದು, ಎಳ್ಳು ಹುರಿಗಡಲೆಗಳನ್ನು ಬೆರಸಿ, ಮರದ ಅಚ್ಚುಗಳಲ್ಲಿ ಸಕ್ಕರೆಯ ಪಾಕವನ್ನು ಹೊಯ್ದು ಹಕ್ಕಿ, ಹೂವು, ಮೀನುಗಳನ್ನು ಎಬ್ಬಿಸಿ, ಮನೆಮನೆಗೂ ಎಳ್ಳು ಬೀರುವುದು ಅಲ್ಲಿನ ಪದ್ಧತಿ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ವ್ಯರ್ಥವಾದ ವ್ಯಾಪಾರವಿಲ್ಲ: ಕೊಡುವ ಮನೆಯಲ್ಲಿಯೂ ಎಳ್ಳೇ, ತೆಗೆದುಕೊಳ್ಳುವ ಮನೆಯಲ್ಲಿಯೂ ಎಳ್ಳೇ. ವಿನಿಮಯವು ಮುಗಿದಾಗ ಎಲ್ಲರ ಡಬ್ಬಿಗಳಲ್ಲಿಯೂ ಮೊದಲಿದ್ದಷ್ಟೇ ಉಳಿದಿರುವುದು. ಹಾಗಾದರೆ ಕೈ ಬದಲಾಯಿಸಿದುದೇನು? ಹದಿನೈದು ದಿನಗಳ ಹೊತ್ತು. ‘ನಿಮ್ಮ ನೆನಪಿನಲ್ಲಿ ಇಷ್ಟು ಕಳೆದೆವು’ ಎಂಬ ಮಾತು. ಈಗ ಹೆಚ್ಚಿದ ಕೊಬ್ಬರಿಯೂ, ಬೆರಸಿದ ಎಳ್ಳೂ, ಸಕ್ಕರೆ ಅಚ್ಚುಗಳೂ ಪೊಟ್ಟಣಗಳಲ್ಲಿ ದೊರೆಯುವುವು. ಅವನ್ನು ಕೊಂಡು ಬೀರುವವರನ್ನು ನಿಂದಿಸುವುದು ಸಲ್ಲದು. ಬೀರುವ ಮನಸ್ಸು ಉಳಿದಿದೆಯಷ್ಟೆ. ಆದರೆ ಅಜ್ಜಿಯ ಪಕ್ಕದಲ್ಲಿ ಕುಳಿತು ಕೊಬ್ಬರಿಯನ್ನು ಹೆಚ್ಚುತ್ತ ಅರ್ಧವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಗುವಿಗೆ ದೊರೆಯುತ್ತಿದ್ದುದು ಪೊಟ್ಟಣದಲ್ಲಿ ಬರಲಾರದು. ಹಾಗೆಂದು ಹಳೆಯದನ್ನು ಚಿನ್ನದ ಚೌಕಟ್ಟಿನಲ್ಲಿಡುವುದೂ ತಪ್ಪು: ಅಲ್ಲಿ ಹೆಚ್ಚುತ್ತಿದ್ದವರು ಹೆಂಗಸರು ಮಕ್ಕಳೇ ಹೊರತು, ಹೊರಜಗಲಿಯಲ್ಲಿ ಕುಳಿತವರು ಚಾಕುವನ್ನು ಮುಟ್ಟಿದುದು ವಿರಳ.

ಬಿಡುವಿಲ್ಲದ ಮನೆಯಲ್ಲಿ ಇದೆಲ್ಲಕ್ಕೂ ಹೊತ್ತೆಲ್ಲಿಯದೆಂದು ಕೇಳುವವರುಂಟು. ಆ ಪ್ರಶ್ನೆಯು ನ್ಯಾಯವಾದುದು. ೨೦೨೦ರಲ್ಲಿ ಸಾಂಕ್ರಾಮಿಕದ ನಿಮಿತ್ತ ಜಗತ್ತೆಲ್ಲ ಮನೆಯೊಳಗೆ ಕುಳಿತಾಗ, ಹಿಂದೆಂದೂ ಹಿಟ್ಟು ನಾದದ ಕೈಗಳು ಬ್ರೆಡ್ಡನ್ನು ಮಾಡತೊಡಗಿ, ಕೆಲವು ದೇಶಗಳ ಅಂಗಡಿಗಳಲ್ಲಿ ಹಿಟ್ಟಿಗೂ ಯೀಸ್ಟಿಗೂ ಅಭಾವವುಂಟಾಯಿತು. ಹೊತ್ತು ಮತ್ತೆ ಕಿರಿದಾದೊಡನೆ ಅವುಗಳಲ್ಲಿ ಎಷ್ಟೋ ಕೈಗಳು ಹಿಂದೆಗೆದುವು. ಜನರಿಗೆ ಇಲ್ಲದಿದ್ದುದು ಇಚ್ಛೆಯಲ್ಲ, ವಿರಾಮ. ಆದುದರಿಂದ ಕೈಕೆಲಸದ ಮಹಿಮೆಯನ್ನು ಬೋಧಿಸುವವರು ಮೊದಲು ವಿರಾಮದ ಹಂಚಿಕೆಯನ್ನು ಕುರಿತು ಮಾತನಾಡಬೇಕು. ಬ್ರೆಡ್ಡಿನ ಹಿಟ್ಟೇ ಇಲ್ಲಿ ಒಂದು ಪಾಠವನ್ನು ಹೇಳುವಂತಿದೆ. ಅದು ಸಿದ್ಧವಾಗಲು ನಾಲ್ಕು ಗಂಟೆ ಹಿಡಿದರೂ ಮನುಷ್ಯನ ಕೈಗೆ ಕೆಲಸವಿರುವುದು ಸುಮಾರು ಅರ್ಧ ಗಂಟೆ. ಉಳಿದ ಹೊತ್ತು ಯೀಸ್ಟು ತನ್ನ ಪಾಡಿಗೆ ಹಿಟ್ಟನ್ನು ಉಬ್ಬಿಸುತ್ತಿರುವುದು. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟೂ ಅಂತೆಯೇ. ಅವಸರಪಡಿಸಿದರೆ ಕೆಡುವುದು, ಬಿಟ್ಟರೆ ತಾನಾಗಿ ಆಗುವುದು. ಆ ಅರ್ಧ ಗಂಟೆಯನ್ನು ನಾಲ್ವರು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಹದಿನಾರು ಕೆಲಸಗಳ ನಡುವೆ ಒಬ್ಬಳ ತಲೆಯ ಮೇಲೆಯೇ ಬಿದ್ದರೆ ಅದೇ ಹದಿನೇಳನೆಯ ಹೊರೆ.

ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಜೊತೆಯಾಗಿ ಇಟ್ಟುದರಲ್ಲಿ ಆಳವಾದ ವಿವೇಕವಿದೆ. ಮೈಮುರಿದು ದುಡಿಯುವುದು ಕಾಯಕ. ದುಡಿದುದನ್ನು ಹಂಚುವುದು ದಾಸೋಹ. ಕಾಯಕದಿಂದ ಯಾರಿಗೂ ವಿನಾಯಿತಿಯಿಲ್ಲವೆಂಬುದು ಅದರ ಜೀವ. ಒಬ್ಬರ ಕಾಯಕವನ್ನು ಮತ್ತೊಬ್ಬರ ಮೇಲೆ ಹೊರಿಸಿ ಅದನ್ನು ಅವರ ಪುಣ್ಯವೆಂದು ಹೊಗಳಿದರೆ, ಕಾಯಕವೂ ಕೆಡುವುದು, ದಾಸೋಹವೂ ಕೆಡುವುದು. ಹೆಂಗಸಿನ ಮನೆಗೆಲಸವನ್ನು ಕೆಲಸವೆಂದೇ ಗಣಿಸದೆ ಸ್ವಭಾವವೆಂದು ಕರೆಯುವ ರೂಢಿಯಲ್ಲಿ ಈ ಕೇಡು ಅಡಗಿದೆ. ೧೯೫೯ರ ಮಾರ್ಚಿ ೧೫ರಂದು ಮುಂಬಯಿಯ ಗಿರಗಾಂವಿಯಲ್ಲಿ ಏಳು ಮಂದಿ ಹೆಂಗಸರು ೮೦ ರೂಪಾಯಿ ಸಾಲ ತೆಗೆದು ಮಹಡಿಯ ಮೇಲೆ ಹಪ್ಪಳ ಒತ್ತತೊಡಗಿದರು. ಅದು ಬೆಳೆದು, ದುಡಿಯುವವರೇ ಒಡೆಯರಾದ ಲಿಜ್ಜತ್ ಎಂಬ ದೊಡ್ಡ ಸಂಸ್ಥೆಯಾಯಿತು. ಆ ಹಪ್ಪಳವು ಅವರು ತಮ್ಮ ಮನೆಗಳಲ್ಲಿ ಒತ್ತುತ್ತಿದ್ದ ಹಪ್ಪಳವೇ. ಕೈಯೂ ಅದೇ, ಚಾತುರ್ಯವೂ ಅದೇ. ಮನೆಯ ಹೊಸ್ತಿಲನ್ನು ದಾಟಿದಾಗ ಯಾವುದು ದುಡಿಮೆಯೆನಿಸಿತೋ, ಅದು ಹೊಸ್ತಿಲೊಳಗಿದ್ದಾಗಲೂ ದುಡಿಮೆಯೇ ಆಗಿದ್ದಿತು.

ಹೀಗೆ ನೋಡಿದರೆ ಮೊದಲ ಪ್ರಶ್ನೆಗೆ ಉತ್ತರವು ಮೆಲ್ಲಗೆ ಸ್ಪಷ್ಟವಾಗುವುದು. ಮನೆಯಲ್ಲಿ ಮಾಡಿದುದರ ಗುಣವು ಕೇಕಿನಲ್ಲಾಗಲಿ ಕೌದಿಯಲ್ಲಾಗಲಿ ತಾನಾಗಿ ನೆಲಸಿಲ್ಲ. ಅದನ್ನು ಮಾಡುವಾಗ ಮನೆಯವರು ಒಬ್ಬರಿಗೊಬ್ಬರು ಏನಾದರು ಎಂಬುದರಲ್ಲಿದೆ. ಅದನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಈ ವಾರ ಅದನ್ನು ಮಾಡದೆ ಬಿಟ್ಟರೆ ಯಾರಾದರೂ ಅಪರಾಧಿಯಾಗುವರೇ? ಆಗುವುದಾದರೆ ಅದು ಪ್ರೀತಿಯ ಕೆಲಸವಲ್ಲ, ಕಂದಾಯ. ಮಗುವು ಹೊಲಿದ ಸೊಟ್ಟ ಹೊಲಿಗೆಯನ್ನೂ, ಒಂದು ಪಕ್ಕ ಕುಸಿದ ಕೇಕನ್ನೂ ಮನೆಯು ನಗುತ್ತ ಸ್ವೀಕರಿಸುವುದೇ? ಇಲ್ಲವಾದರೆ ಅದು ಮನೆಯವರಿಗಾಗಿ ಮಾಡಿದುದಲ್ಲ, ನೆರೆಯವರ ಕಣ್ಣಿಗಾಗಿ ಮಾಡಿದುದು; ಆಗ ಬೇಕರಿಯ ಕೇಕೇ ಹೆಚ್ಚು ಪ್ರಾಮಾಣಿಕವಾದುದು. ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಕಠಿಣವಾದುದು. ಹಿಟ್ಟನ್ನು ಕಲಸುವುದೂ ಅಲಂಕಾರವನ್ನು ಮಾಡುವುದೂ ವಿನೋದವಾದುದರಿಂದ ಅವಕ್ಕೆ ಕೈಗಳು ಎಲ್ಲಿಂದಾದರೂ ಬರುವುವು. ಎಲ್ಲರೂ ತಿಂದು ಹೊಗಳಿ ಎದ್ದ ಮೇಲೆ ಜಿಡ್ಡು ಹಿಡಿದ ಪಾತ್ರೆಗಳ ಮುಂದೆ ನಿಲ್ಲುವವರು ಯಾರು? ಪ್ರತಿಸಲವೂ ಒಬ್ಬರೇ ನಿಲ್ಲುವರಾದರೆ, ಆ ಮನೆಯವರು ಕೇಕನ್ನು ಮಾಡುವ ಮೊದಲು ಕಲಿಯಬೇಕಾದ ಕೈಕೆಲಸವು ಇನ್ನೊಂದಿದೆ.