ಸಂಬಳಗಾರನ ಲೆಕ್ಕವೂ ಅವನ ಸಹಿಯೂ

ಹಣದ ಲೆಕ್ಕವನ್ನು ಚೆನ್ನಾಗಿ ಅರಿತಿರುವದು ಬರೀ ಜಾಣತನವೋ, ಇಲ್ಲವೆ ಅದು ಮನುಷ್ಯನ ಕರ್ತವ್ಯಗಳಲ್ಲಿ ಒಂದೋ ಎಂಬ ಪ್ರಶ್ನೆಯನ್ನು ಈ ಸಾರಿ ವಿಚಾರಿಸೋಣ. ನಮ್ಮ ಹಳ್ಳಿಗಳಲ್ಲಿ ಹೊಲದ ಬೆಳೆಯಿಂದ ಜೀವಿಸುವವರು ಇರುವ ಹಾಗೆಯೇ, ತಿಂಗಳ ಸಂಬಳದಿಂದ ಜೀವಿಸುವ ಉಪಾಧ್ಯಾಯರೂ ದಾದಿಯರೂ ಗುಮಾಸ್ತರೂ ಕಾರ್ಖಾನೆಯ ಕೆಲಸಗಾರರೂ ಈಗ ಬಹು ಮಂದಿ ಇದ್ದಾರೆ. ಇವರು ಓದುಬರಹ ಬಲ್ಲವರು. ಆದರೂ ಯಾರಾದರೂ ಸಾಲಪತ್ರವನ್ನು ಮುಂದಿಟ್ಟು, ಇಲ್ಲಿ ಸಹಿ ಹಾಕಿರಿ ಎಂದು ಬೆರಳಿನಿಂದ ತೋರಿಸಿದರೆ, ಒಂದು ಸಾಲನ್ನಾದರೂ ಓದದೆ ಸಹಿ ಹಾಕುವವರು ಇವರಲ್ಲಿಯೂ ಅನೇಕರು. ಯಾಕೆಂದು ಕೇಳಿದರೆ ಎರಡು ಉತ್ತರಗಳು ಬರುತ್ತವೆ. ಕೆಲವರು, ಹಣದ ಮೇಲೆ ಅಷ್ಟು ಮನಸ್ಸಿಡುವದು ಲೋಭಿಗಳ ಗುಣ, ನಾವು ಹಾಗಲ್ಲ ಅನ್ನುತ್ತಾರೆ. ಮತ್ತೆ ಕೆಲವರು, ಆ ಮನುಷ್ಯನು ನಮಗೆ ಗುರುತಿನವನು, ಅವನನ್ನು ನಂಬದೆ ಕಾಗದವನ್ನು ಓದುತ್ತಾ ಕೂತರೆ ಅವನಿಗೆ ಅವಮಾನವಾಗುವದು ಅನ್ನುತ್ತಾರೆ. ಈ ಎರಡು ಉತ್ತರಗಳೂ ಒಳ್ಳೆಯ ಗುಣಗಳ ಹಾಗೆ ಕಾಣುತ್ತವೆ. ಆದದರಿಂದಲೇ ಅವುಗಳನ್ನು ಪರೀಕ್ಷಿಸುವದು ಅವಶ್ಯ.

ಮೊದಲನೆಯ ಮಾತನ್ನು ನೋಡೋಣ. ಲೋಭವು ಬೇರೆ, ಲೆಕ್ಕವು ಬೇರೆ. ಲೋಭಿಯು ಹಣವನ್ನು ಪ್ರೀತಿಸುತ್ತಾನೆ. ಲೆಕ್ಕ ಬಲ್ಲವನು ಆ ಹಣದಿಂದ ಯಾರ ಯಾರ ಹೊಟ್ಟೆ ತುಂಬಬೇಕೆಂಬದನ್ನು ಅರಿತಿರುತ್ತಾನೆ. ಸಂಬಳಗಾರನ ಸಂಬಳವು ಅವನೊಬ್ಬನದೇ ಅಲ್ಲ. ಅದರಲ್ಲಿ ಹೆಂಡತಿಯ ಪಾಲುಂಟು, ಮಕ್ಕಳ ಶಾಲೆಯ ಪಾಲುಂಟು, ಮುದಿ ತಂದೆತಾಯಿಗಳ ಔಷಧದ ಪಾಲುಂಟು, ಅಂಗಡಿಯವನಿಗೆ ಸಲ್ಲಬೇಕಾದದ್ದೂ ಉಂಟು. ಎಷ್ಟು ಬಂತು, ಎಷ್ಟು ಹೋಯಿತು ಎಂದು ತಿಳಿಯದೆ ಧಾರಾಳವಾಗಿ ಖರ್ಚು ಮಾಡುವವನು ತಾನು ಉದಾರಿ ಎಂದು ನೆನಸಬಹುದು; ಆದರೆ ಅವನು ಕೊಡುವದು ಬೇರೆಯವರ ಪಾಲನ್ನೇ. ತಿಂಗಳ ಇಪ್ಪತ್ತನೆಯ ತಾರೀಖಿನಲ್ಲಿ ಮಗುವಿಗೆ ಜ್ವರ ಬಂದಾಗ ಮನೆಯಲ್ಲಿ ಕಾಸಿಲ್ಲದಿದ್ದರೆ, ಆ ಔದಾರ್ಯದ ಬೆಲೆಯನ್ನು ತೆತ್ತವರು ಯಾರು?

ಇನ್ನು ಎರಡನೆಯ ಮಾತು. ಇದು ಹೆಚ್ಚು ಆಳವಾದದ್ದು. ಸಹಿ ಅಂದರೇನು? ಅದು ಮನುಷ್ಯನು ಬರಹದಿಂದ ಕೊಟ್ಟ ಮಾತು. ಇಂಥ ದಿನ ಇಷ್ಟು ಹಣವನ್ನು ಕೊಡುವೆನು, ಕೊಡದಿದ್ದರೆ ಇಂಥ ದಂಡಕ್ಕೆ ಒಳಗಾಗುವೆನು ಎಂದು ಕಾಗದವು ಹೇಳುತ್ತದೆ. ಹೌದು, ಇದು ನನ್ನ ಮಾತು ಎಂದು ಸಹಿಯು ಹೇಳುತ್ತದೆ. ಹೀಗಿರಲಾಗಿ ಓದದೆ ಸಹಿ ಹಾಕುವವನು, ತಾನು ಏನು ಹೇಳಿದೆನೆಂಬದನ್ನೇ ಅರಿಯದೆ ಮಾತು ಕೊಡುವವನಾಗಿದ್ದಾನೆ. ಬಾಯಿಂದ ಸುಳ್ಳಾಡಲು ಅಂಜುವ ನಾವು, ನಡಿಸಬಲ್ಲೆವೋ ಇಲ್ಲವೋ ಎಂದು ನೋಡದೆಯೇ ಬರಹದಿಂದ ಮಾತು ಕೊಡಲು ಯಾಕೆ ಅಂಜುವದಿಲ್ಲ? ಆದಕಾರಣ ಲೆಕ್ಕವನ್ನು ಕಲಿಯುವದು ಸತ್ಯವಂತಿಕೆಯ ಒಂದು ಭಾಗವೆಂದು ನಾನು ಹೇಳುತ್ತೇನೆ.

ಇದು ಜಾಮೀನಿನ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಂಬಳಗಾರನ ಬಳಿಗೆ ನೆಂಟರಿಷ್ಟರು ಬಂದು, ಹಣವೇನೂ ಬೇಡ, ಒಂದು ಸಹಿ ಮಾತ್ರ ಸಾಕು ಎಂದು ಕೇಳುವದುಂಟು. ಅವನು ಇದನ್ನು ಗುರುತಿನ ಸಾಕ್ಷಿಯ ಹಾಗೆ ಎಣಿಸುತ್ತಾನೆ. ಕಾನೂನು ಹಾಗೆ ಎಣಿಸುವದಿಲ್ಲ. ಬೇರೆ ಕರಾರಿಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಎಂದು 1872ನೆಯ ಭಾರತದ ಕರಾರು ಕಾಯಿದೆಯ 128ನೆಯ ಕಲಮು ವಿಧಿಸುತ್ತದೆ. ಮೊದಲು ಸಾಲಗಾರನಿಂದ ವಸೂಲು ಮಾಡಿ, ಆಗದಿದ್ದರೆ ನನ್ನ ಬಳಿಗೆ ಬನ್ನಿರಿ ಎಂದು ಜಾಮೀನುದಾರನು ಹೇಳಲಾರನು. ಸಾಲ ಕೊಟ್ಟವನು ನೇರವಾಗಿ ಇವನನ್ನೇ ಹಿಡಿಯಬಹುದು. 1969ರ ವರದಿಗಳಲ್ಲಿ ಅಚ್ಚಾಗಿರುವ ಬಿಹಾರ ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಸ್ಥಿರಪಡಿಸಿತು. ಹಾಗಾದರೆ ಒಬ್ಬ ಉಪಾಧ್ಯಾಯನು ತನ್ನ ಭಾವಮೈದುನನ ಐದು ಲಕ್ಷ ರೂಪಾಯಿಯ ಸಾಲಕ್ಕೆ ಸಹಿ ಹಾಕಿದರೆ, ಅವನು ಹೇಳಿದ ಮಾತೇನು? ಬೇಕಾದರೆ ಈ ಐದು ಲಕ್ಷವನ್ನು ನಾನೇ ಬಡ್ಡಿಸಹಿತ ತೀರಿಸುವೆನು ಎಂದಾಯಿತು. ಅವನಿಗೆ ಅಷ್ಟು ಶಕ್ತಿಯಿಲ್ಲದಿದ್ದರೆ ಆ ಮಾತು ನಿಜವಾದೀತೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಷ್ಟದಲ್ಲಿರುವ ಬಂಧುವಿಗೆ ಸಹಿಯನ್ನು ನಿರಾಕರಿಸಿದರೆ ಪ್ರೀತಿಯೆಲ್ಲಿ ಉಳಿಯಿತು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡಬಾರದು. ಹಳ್ಳಿಯ ಬಾಳುವೆಯೇ ಒಬ್ಬರಿಗೊಬ್ಬರು ಆಧಾರವಾಗಿ ನಡೆಯುವಂಥಾದ್ದು. ಇಂದು ಕೊಡದವನು ನಾಳೆ ಕೇಳಲಾರನು. ಆದರೆ ಪ್ರೀತಿಗೆ ಎರಡು ದಾರಿಗಳುಂಟು. ನನ್ನಿಂದ ಹತ್ತು ಸಾವಿರ ಆದೀತು, ಇದನ್ನು ತೆಗೆದುಕೋ, ತಿರುಗಿ ಬಾರದಿದ್ದರೂ ನಮ್ಮ ನಂಟು ಕೆಡುವದಿಲ್ಲ ಎಂದು ಕೈಲಾದಷ್ಟನ್ನು ಕೊಡುವದು ಒಂದು ದಾರಿ. ಕೈಲಾಗದ ಮೊತ್ತಕ್ಕೆ ಸಹಿ ಹಾಕಿ, ಕಂತು ತಪ್ಪಿದ ದಿನ ಒಬ್ಬರ ಮುಖವನ್ನೊಬ್ಬರು ನೋಡದಂತಾಗುವದು ಇನ್ನೊಂದು ದಾರಿ. ಮೊದಲನೆಯವನು ಕೊಟ್ಟದ್ದು ಕಡಿಮೆಯಾದರೂ ತನ್ನದನ್ನೇ ಕೊಟ್ಟನು. ಎರಡನೆಯವನು ಹೆಂಡತಿ ಮಕ್ಕಳನ್ನು ಕೇಳದೆ ಅವರ ಅನ್ನವನ್ನು ಅಡವಿಟ್ಟನು. ಇವರಲ್ಲಿ ಯಾವನ ಪ್ರೀತಿ ದೊಡ್ಡದೆಂದು ನೀವೇ ತೀರ್ಮಾನಿಸಿರಿ.

ತನ್ನ ಸ್ವಂತ ಸಾಲದಲ್ಲಿಯೂ ಮಾತಿನ ಅರ್ಥವನ್ನು ತಿಳಿಯಬೇಕು. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದು ಊರಲ್ಲಿ ಹೇಳಿದರೆ ಅದು ತಿಂಗಳ ಲೆಕ್ಕ, ವರುಷಕ್ಕೆ ಮೂವತ್ತಾರು. ಬಡ್ಡಿಯನ್ನು ತೆರದೆ ಅಸಲಿಗೆ ಸೇರಿಸುತ್ತಾ ಹೋದರೆ 10,000 ರೂಪಾಯಿಯ ಸಾಲವು ಎರಡೇ ವರುಷಗಳಲ್ಲಿ 20,000ವನ್ನು ದಾಟುತ್ತದೆ. ಮತ್ತೊಂದು ಮರ್ಮವು ಕಂತಿನ ಸಾಲದಲ್ಲಿ ಅಡಗಿದೆ. ಒಂದು ಲಕ್ಷ ರೂಪಾಯಿಯನ್ನು ಮೂರು ವರುಷಗಳ ತಿಂಗಳ ಕಂತಿನಲ್ಲಿ, ವರುಷಕ್ಕೆ ನೂರಕ್ಕೆ ಹನ್ನೆರಡರಂತೆ ಇಬ್ಬರು ಕೊಡುತ್ತಾರೆಂದು ಎಣಿಸೋಣ. ಒಬ್ಬನು, ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ ಹಿಡಿಯುತ್ತಾನೆ; ಅವನಿಗೆ ಸಲ್ಲುವ ಒಟ್ಟು ಬಡ್ಡಿ ಸುಮಾರು 19,600 ರೂಪಾಯಿ. ಇನ್ನೊಬ್ಬನು, ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ, ಮೂರು ವರುಷವೂ ಇಡೀ ಲಕ್ಷಕ್ಕೇ ಬಡ್ಡಿ ಹಿಡಿಯುತ್ತಾನೆ. ಅವನಿಗೆ ಸಲ್ಲುವದು 36,000 ರೂಪಾಯಿ. ಇಬ್ಬರೂ ಹೇಳಿದ್ದು ಹನ್ನೆರಡು ಎಂಬ ಒಂದೇ ಮಾತು. ಆದರೆ ಎರಡನೆಯವನ ನಿಜವಾದ ದರವು ಇಪ್ಪತ್ತೊಂದರ ಹತ್ತಿರ. ಈ ಮರೆಯನ್ನು ತೆಗೆಯುವದಕ್ಕಾಗಿಯೇ, 2024ರ ಅಕ್ಟೋಬರ್ 1ರಿಂದ ಕೊಡುವ ಸಾಮಾನ್ಯ ಸಾಲಗಳಿಗೆಲ್ಲಾ ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಮುಖ್ಯ ಸಂಗತಿಗಳ ಪತ್ರವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲಾ ಖರ್ಚುಗಳನ್ನೂ ಕೂಡಿಸಿದ ವಾರ್ಷಿಕ ದರವು ಅದರಲ್ಲಿ ಇರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಅದು ಬರೆದಿರಬೇಕು. ಕೇಳುವ ಹಕ್ಕು ನಮಗುಂಟು. ಕೇಳದೆ ಎದ್ದು ಬಂದರೆ ಆ ಹಕ್ಕಿನಿಂದೇನು ಪ್ರಯೋಜನ?

ನಂಬಿಕೆಯೂ ಲೆಕ್ಕವೂ ಒಂದಕ್ಕೊಂದು ವಿರೋಧವೆಂದು ನೆನಸುವವರು ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನನ ಚರಿತ್ರೆಯನ್ನು ಆಲೋಚಿಸಲಿ. ಇವನು ಹಳ್ಳಿಗಳ ಅಧಿಕಾರಿಯಾಗಿದ್ದ ಕಾಲದಲ್ಲಿ, 1846-47ರ ಚಳಿಗಾಲದಲ್ಲಿ, ಕ್ಷಾಮ ಬಂತು. ಅವನು ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ದೊರೆಯುವಂತೆ ಮಾಡಿದನು. ಆದರೆ ಉಳ್ಳವರ ದಾನದಿಂದಲೇ ಬಡವನ ಸಾಲವು ತೀರುವದಿಲ್ಲವೆಂದು ಕ್ರಮೇಣ ಕಂಡುಕೊಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘವನ್ನು ಸ್ಥಾಪಿಸಿದನು. ಅಂಥ ಸಂಘಗಳಲ್ಲಿ ಒಬ್ಬರನ್ನೊಬ್ಬರು ಬಲ್ಲ ನೆರೆಹೊರೆಯವರೇ ಸದಸ್ಯರು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಹೀಗೆ ಎಲ್ಲರೂ ಹೊಣೆಯಾದಕಾರಣ, ಸಾಲವು ಯಾವ ಕೆಲಸಕ್ಕೆ, ಎಂದು ತೀರುವದು ಎಂದು ಎಲ್ಲರೂ ವಿಚಾರಿಸುತ್ತಿದ್ದರು. ಆ ವಿಚಾರಣೆಯಿಂದ ಯಾರಿಗೂ ಅವಮಾನವಾಗಲಿಲ್ಲ. ನಂಬಿಕೆಯು ಅದರಿಂದಲೇ ಬಲವಾಯಿತು. 1890ರ ದಶಕದಲ್ಲಿ ಫ್ರೆಡರಿಕ್ ನಿಕಲ್ಸನನು ಮದ್ರಾಸ್ ಸರಕಾರಕ್ಕೆ ಬರೆದ ವರದಿಯಲ್ಲಿ ಈ ಮಾದರಿಯನ್ನೇ ಸೂಚಿಸಿದನು. 1904ರಲ್ಲಿ ಸಹಕಾರಿ ಸಾಲದ ಸಂಘಗಳ ಕಾಯಿದೆಯಾಯಿತು. ಮರುವರುಷ, ಅಂದರೆ 1905ರಲ್ಲಿ, ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘವನ್ನು ಆರಂಭಿಸಿದರು. ನಮ್ಮ ಊರುಗಳ ಸಹಕಾರಿ ಸಂಘಗಳಿಗೆ ಮೂಲವು ಇದೇ. ನೆರೆಯವನನ್ನು ನಂಬು, ಅವನ ಲೆಕ್ಕವನ್ನೂ ನೋಡು ಎಂಬದೇ ಅದರ ತಾತ್ಪರ್ಯ.

ಲೆಕ್ಕವಿಲ್ಲದ ನಂಬಿಕೆಗೆ ಆಗುವ ಗತಿಯನ್ನು ಠೇವಣಿಗಳಲ್ಲಿ ಕಾಣುತ್ತೇವೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಅನೇಕರ ಉಳಿತಾಯವು ಸಿಕ್ಕಿಬಿದ್ದಿತು. ಅದರ ನಂತರ, 1962ರಿಂದ ಬ್ಯಾಂಕ್ ಠೇವಣಿಗಳಿಗೆ ವಿಮೆಯು ಏರ್ಪಟ್ಟಿತು. 2020ರಲ್ಲಿ ಈ ವಿಮೆಯನ್ನು ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ, ಬಡ್ಡಿಯೂ ಸೇರಿ, ಐದು ಲಕ್ಷ ರೂಪಾಯಿಗೆ ಏರಿಸಿದರು. ಸಹಕಾರಿ ಬ್ಯಾಂಕುಗಳಿಗೂ ಇದುಂಟು. ಆದರೆ ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳಿಗೆ ಈ ವಿಮೆಯಿಲ್ಲ. ಹೀಗಿರಲಾಗಿ ಹೆಚ್ಚು ಬಡ್ಡಿಯ ಆಸೆಯಿಂದ ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಡುವವನು, ಇದಕ್ಕೆ ವಿಮೆಯುಂಟೋ ಎಂದು ಕೇಳಲಿ. ಯಾವನಾದರೂ ತಿಂಗಳಿಗೆ ನೂರಕ್ಕೆ ಮೂರರಂತೆ ತಪ್ಪದೆ ಲಾಭ ಕೊಡುವೆನೆಂದರೆ, ನಿನ್ನ ವ್ಯಾಪಾರವು ಯಾವದು, ಸಾಲ ಬೇಕಾದರೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ದೊರೆಯುವಾಗ ನನ್ನ ಹಣವು ನಿನಗೆ ಯಾಕೆ ಬೇಕು ಎಂದೂ ಕೇಳಲಿ. ಇಂಥ ಠೇವಣಿಗಳನ್ನು ತಡೆಯಲು 2019ರಲ್ಲಿ ಕಾನೂನಾಗಿದೆ. ಆದರೆ ಕಾನೂನು ಬರುವಷ್ಟರಲ್ಲಿ ಹಣವು ಹೋಗಿರುತ್ತದೆ. ಇಂಥವನು ಬಹಳ ಸಾರಿ ನಮ್ಮ ಜಾತಿಯವನು, ನಮ್ಮ ಸಭೆಯವನು, ನಮ್ಮ ಊರಿನವನು ಎಂಬ ಗುರುತಿನಿಂದಲೇ ಬರುತ್ತಾನೆಂಬದನ್ನು ನೆನಪಿಡಿರಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಲೆಕ್ಕ ಕಲಿತ ಮಾತ್ರಕ್ಕೆ ಸಂಬಳವು ಹೆಚ್ಚುವದಿಲ್ಲ. ಹೊಟ್ಟೆಗೆ ಸಾಲದ ಕೂಲಿಯುಳ್ಳವನು ಎಷ್ಟು ಸರಿಯಾಗಿ ಬರೆದಿಟ್ಟರೂ ಕೊರತೆಯು ಕೊರತೆಯೇ. ಆದದರಿಂದ ಬಡವನನ್ನು ಕಂಡು, ಇವನಿಗೆ ಲೆಕ್ಕ ಬಾರದು, ಅದಕ್ಕೇ ಹೀಗಾದನು ಎಂದು ಹೀಯಾಳಿಸುವದು ಅನ್ಯಾಯ. ಆಸ್ಪತ್ರೆಯ ಖರ್ಚಿನಿಂದ ಕೆಟ್ಟವನು ಬೇರೆ, ತಿಳಿದೂ ತಿಳಿಯದವನಂತೆ ನಡೆದು ಕೆಟ್ಟವನು ಬೇರೆ. ನಾನು ಕರ್ತವ್ಯವೆಂದು ಹೇಳಿದ್ದು, ಕಲಿಯಲು ಅವಕಾಶವಿದ್ದೂ ಕಲಿಯದವರಿಗೆ. ಅವರ ಹೊಣೆಯು ತಮ್ಮ ಮನೆಗೆ ಮಾತ್ರ ನಿಲ್ಲುವದೂ ಇಲ್ಲ. ಓದಲಾರದ ನೆರೆಯವಳು ಸಾಲದ ಕಾಗದವನ್ನು ಹಿಡಿದು ಉಪಾಧ್ಯಾಯರ ಮನೆಗೆ ಬರುತ್ತಾಳೆ. ಅವರಿಗೇ ಅದು ಅರ್ಥವಾಗದಿದ್ದರೆ ಅವಳು ಎಲ್ಲಿಗೆ ಹೋಗಬೇಕು?

ಆದಕಾರಣ ಸಂಬಳ ತೆಗೆದುಕೊಳ್ಳುವ ಸಹೋದರ ಸಹೋದರಿಯರೇ, ಬಂದದ್ದನ್ನೂ ಹೋದದ್ದನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಗಂಡನ ಸಾಲವು ಹೆಂಡತಿಗೂ ಹೆಂಡತಿಯ ಚೀಟಿಯು ಗಂಡನಿಗೂ ತಿಳಿದಿರಲಿ. ಮುಚ್ಚಿಟ್ಟ ಸಾಲವು ಮನೆಯೊಳಗಿನ ಸುಳ್ಳೇ. ಸಂಬಳದ ಚೀಟಿಯಲ್ಲಿ ಏನೇನು ಕಡಿದಿದ್ದಾರೆಂದು ನೋಡಿರಿ. ಪ್ರಾವಿಡೆಂಟ್ ಫಂಡಿಗಾಗಿ ಕಡಿದ ಹಣವು ನಿಮ್ಮ ಮುಪ್ಪಿನ ಅನ್ನ, ಹಬ್ಬದ ಖರ್ಚಿಗೆ ಅದನ್ನು ಮುಟ್ಟಬೇಡಿರಿ. ಯಾವ ಕಾಗದ ಬಂದರೂ ಮೂರು ಪ್ರಶ್ನೆಗಳನ್ನು ಕೇಳಿರಿ: ಒಟ್ಟಿನಲ್ಲಿ ನಾನು ಕೊಡಬೇಕಾದದ್ದು ಎಷ್ಟು? ಕೊಡಲಾಗದಿದ್ದರೆ ಏನಾಗುವದು? ಆಗ ನನ್ನ ಸಂಗಡ ಕಷ್ಟಪಡುವವರು ಯಾರು? ಇವುಗಳಿಗೆ ಉತ್ತರ ತಿಳಿಯದಿದ್ದರೆ, ಕಾಗದವನ್ನು ಮನೆಗೆ ಒಯ್ದು ಓದಿ ನಾಳೆ ಬರುತ್ತೇನೆ ಎಂದು ಹೇಳಲು ನಾಚಬೇಡಿರಿ. ನಿಜವಾದ ಸ್ನೇಹಿತನು ಒಂದು ದಿನ ಕಾಯುವನು. ಕಾಯಲಾರೆನೆಂದು ಅವಸರಪಡಿಸುವವನಿಗೆ ಸಹಿ ಹಾಕದಿರುವದೇ ಲೇಸು.